ಅವ್ವನ ಬೆರಳಿನ ಗುರುತು

ಹೊಳೆಗಳು ಇನ್ನೂ ಕಡಲಿನ ದಾರಿ ಹುಡುಕುತ್ತಿದ್ದ ಕಾಲ. ಆಗ ಮನುಷ್ಯರಿಗೆ ಹೊಕ್ಕುಳೇ ಇರಲಿಲ್ಲ. ಎಲ್ಲರ ಹೊಟ್ಟೆಯೂ ತೊಳೆದಿಟ್ಟ ಕುಂಬಳಕಾಯಿಯಂತೆ ನುಣ್ಣಗಿತ್ತು.

ಆಗ ನೀಲಿ ಎಂಬ ಪುಟ್ಟ ಹುಡುಗಿ ಇದ್ದಳು. ಒಂದು ಬೆಳಿಗ್ಗೆ ಅವಳ ಅವ್ವ ಈರಮ್ಮ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದಾಗ ನೀಲಿ ಕೇಳಿದಳು, "ಅವ್ವಾ, ನಾ ಎಲ್ಲಿಂದ ಬಂದೆ?"

ಅವ್ವನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ದೊಡ್ಡವರು ಕೈಗೆ ಸಿಕ್ಕಿದ್ದನ್ನು ಹೇಳಿಬಿಡುತ್ತಾರೆ. ಅವಳ ಕೈಗೆ ಸಿಕ್ಕಿದ್ದು ತೌಡು.

"ಹೊಳೆ ಕಡೆಯಿಂದ ಬಂದೋರಿಗೆ ಒಂದು ಮೊರ ತೌಡು ಕೊಟ್ಟು ನಿನ್ನ ತಗೊಂಡೆ ಕಣೆ," ಎಂದು ನಕ್ಕಳು.

ನೀಲಿ ನಗಲಿಲ್ಲ. ಹಾಗಾದರೆ ಇವಳು ನನ್ನ ಅವ್ವ ಅಲ್ಲ, ನನ್ನ ಅವ್ವ ಬೇರೆಲ್ಲೋ ನನಗಾಗಿ ಅಳುತ್ತಿದ್ದಾಳೆ ಎಂದುಕೊಂಡಳು. ತೌಡು ವಾಪಸು ಕೊಟ್ಟು ಆ ಅವ್ವನನ್ನು ಸೇರಬೇಕೆಂದು, ಯಾರಿಗೂ ಹೇಳದೆ ಮೊರದ ತುಂಬ ತೌಡು ತುಂಬಿಕೊಂಡು ಹೊಳೆಯತ್ತ ಹೊರಟಳು.

"ಹೊಳೆಯವ್ವಾ, ನನ್ನ ತಂದೋಳು ನೀನೇನಾ?"

"ನಾನು ಮಣ್ಣು ತರ್ತೀನಿ, ಮರಳು ತರ್ತೀನಿ. ಮಗು ತಂದಿಲ್ಲ ಮಗಳೆ," ಎಂದಿತು ಹೊಳೆ.

"ಗಾಳಿಯಣ್ಣಾ, ನೀನೇನಾ?"

"ನಾನು ಧೂಳು ತರ್ತೀನಿ, ಹೂವಿನ ಘಮ ತರ್ತೀನಿ. ಮಗು ತಂದಿಲ್ಲ ತಂಗಿ," ಎಂದಿತು ಗಾಳಿ.

ದಡದಲ್ಲಿ ಒಂದು ಹಸು ಆಗಷ್ಟೇ ಕರು ಹಾಕಿತ್ತು. ಒದ್ದೆ ಕರುವಿನ ಹೊಟ್ಟೆಯಿಂದ ತುಂಡು ಬಳ್ಳಿಯೊಂದು ಜೋತಾಡುತ್ತಿತ್ತು. ನೀಲಿ ಕೇಳಿದಳು, "ಈ ಕರು ತರೋಕೆ ನೀನು ಎಷ್ಟು ತೌಡು ಕೊಟ್ಟೆ?"

"ಹೆತ್ತ ಮೇಲೆ ನಾವು ತೌಡು ತಿಂತೀವಿ, ಕೂಸೆ. ಅದನ್ನ ಕೊಟ್ಟು ಕರು ತರೋಕಾಗಲ್ಲ," ಎಂದಿತು ದಣಿದ ಹಸು. "ಇದು ನನ್ನ ಹೊಟ್ಟೇಲಿತ್ತು. ಆ ಬಳ್ಳಿ ನಮ್ಮಿಬ್ಬರನ್ನೂ ಕೂಡಿಸಿತ್ತು."

ಅಷ್ಟರಲ್ಲಿ ಈರಮ್ಮ, ದಾರಿಯುದ್ದ ಉದುರಿದ್ದ ತೌಡಿನ ಜಾಡು ಹಿಡಿದು ಓಡಿಬಂದಳು. ನೀಲಿ ಹಿಂದೆ ಸರಿದಳು.

"ಮುಟ್ಟಬೇಡ. ನೀನು ತೌಡು ಕೊಟ್ಟೋಳು, ಹೆತ್ತೋಳಲ್ಲ."

ಅವ್ವ ಮರಳಿನ ಮೇಲೆ ಕುಳಿತು, ನಾಚಿಕೆ ಬದಿಗಿಟ್ಟು, ನಿಜ ಹೇಳಿದಳು.

"ಅಪ್ಪನ ಮೈಯಿಂದ ಒಂದು ಬೀಜ, ನನ್ನ ಮೈಯಿಂದ ಒಂದು ಬೀಜ. ಎರಡೂ ನನ್ನೊಳಗೆ ಸೇರಿ ನೀನಾದೆ. ಒಂಬತ್ತು ತಿಂಗಳು ನಾನು ಉಂಡಿದ್ದು ಬಳ್ಳೀಲಿ ಹರಿದು ನಿನಗೆ ಬರ್ತಿತ್ತು. ಆಮೇಲೆ ನನ್ನ ತೊಡೆಗಳ ನಡುವಿನ ದಾರೀಲಿ ಹೊರಗೆ ಬಂದೆ. ಜೀವ ಹೋಗೋ ಅಷ್ಟು ನೋವಾಯ್ತು. ನಿನ್ನ ಮುಖ ನೋಡಿದ ಮೇಲೆ ಅತ್ತೆ. ಅದು ನೋವಿಗಲ್ಲ."

"ನನಗೂ ಬಳ್ಳಿ ಇತ್ತಾ? ಗುರುತೆಲ್ಲಿ?"

ಬಳ್ಳಿ ಉದುರಿದ ಜಾಗ ಗುರುತಿಲ್ಲದೆ ಮುಚ್ಚಿ, ನೀಲಿಯ ಹೊಟ್ಟೆ ನುಣ್ಣಗಿತ್ತು. ಅವ್ವನ ಬಳಿ ತೋರಿಸಲು ಏನೂ ಇರಲಿಲ್ಲ. ಬೆರಳನ್ನು ಮಗಳ ಹೊಟ್ಟೆಯ ನಡುವೆ ಒತ್ತಿದಳು. "ಇಲ್ಲಿ. ಇಲ್ಲೇ ಇತ್ತು."

ಅವಳ ಕಣ್ಣೀರು ಆ ಬೆರಳಿನ ಮೇಲೆ ಬಿತ್ತು. ಹೊಳೆ ನಿಂತು ನೋಡಿತು. ಗಾಳಿ ಸದ್ದು ಮಾಡಲಿಲ್ಲ. ಅವ್ವ ಬೆರಳು ತೆಗೆದಾಗ ಅಲ್ಲೊಂದು ಪುಟ್ಟ ಗುಳಿ ಉಳಿದಿತ್ತು.

ನೀಲಿ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಮೊರದ ತೌಡನ್ನೆಲ್ಲ ಹೆತ್ತ ಹಸುವಿನ ಮುಂದೆ ಸುರಿದು, ಅವ್ವನ ಮಡಿಲು ಹತ್ತಿದಳು.

ಅಂದಿನಿಂದ ಹುಟ್ಟಿದ ಪ್ರತಿ ಮಗುವಿಗೂ ಹೊಕ್ಕುಳಿದೆ. ನಿನ್ನನ್ನೂ ತೌಡು ಕೊಟ್ಟು ತಂದದ್ದು ಎಂದು ಯಾರಾದರೂ ರೇಗಿಸಿದರೆ ಅಂಗಿ ಎತ್ತಿ ನೋಡಿಕೋ. ಹೆತ್ತವಳು ಬೆರಳಿಟ್ಟು ತೋರಿಸಿದ ಜಾಗ ಇಂದಿಗೂ ಅಲ್ಲೇ ಇದೆ.