ಕೋಳಿಕಳ್ಳ ಹೇಳಿದ ಹಗೇವು

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟದ ಕಾಲದಲ್ಲಿ, ಒಂದೂರಲ್ಲಿ ಆಳುದ್ದದ ಗುಂಡಿ ತೋಡಿ ಅದರೊಳಗೆ ಜೋಳ ತುಂಬಿಡ್ತಿದ್ರಂತೆ, ಅದಕ್ಕೆ ಹಗೇವು ಅಂತಾರೆ. ಕಾಲು ಒದರಬೇಡ, ಕೇಳು. ಎರಡು ವರ್ಷ ಜೋಳ ಕೊಳೆತೇ ಹೋಯ್ತಂತೆ. ಈ ಸಲವೂ ಕೊಳೆತರೆ ಊರಿಗೂರೇ ಗುಳೆ ಹೋಗಬೇಕು. ಹಗೇವು ನೋಡಿಕೊಳ್ತಿದ್ದ ಕೊಟ್ರಮ್ಮನ ಮಗಳು ಬೇರೆ ಬಸುರಿ, ಇವಳನ್ನ ಎಲ್ಲಿಗೆ ಕರಕೊಂಡು ಹೋಗಲಿ ಅಂತ ಅವಳಿಗೆ ಸಂಕಟ.

ಆಮೇಲೆ ಜೋಳ ಕೆಡದ ಹಾಗೆ ಇಡೋದು ಹೇಗೆ ಅಂತ ಊರವರು ಕಟ್ಟೆಯಲ್ಲಿ ಸೇರಿದ್ರಂತೆ. ಹಸಿದವರಿಗೆ ತನ್ನ ತಟ್ಟೆಯನ್ನೇ ಕೊಡೋ ಗುರುಪಾದಯ್ಯ, ಹಗೇವಿನ ಬಾಯಿ ತೆರೆದಿಡಿ, ಜೋಳಕ್ಕೆ ಗಾಳಿ ಬೇಕು ಅಂದ್ನಂತೆ. ಹೌದ್ಹೌದು ಅಂದ್ರು. ಹತ್ತೂರು ಗೆದ್ದ ಜಟ್ಟಿ ಮಲ್ಲಪ್ಪ, ಜೋಳಕ್ಕೆ ನೀರು ಚಿಮುಕಿಸಿ ಗಟ್ಟಿಯಾಗಿ ತುಳೀರಿ ಅಂದ್ನಂತೆ. ಅದಕ್ಕೂ ಹೌದ್ಹೌದು. ಆಮೇಲೆ ಕೋಳಿಕಳ್ಳ ತಿಪ್ಪ ಎದ್ದು, ಮೊದಲು ಗುಂಡಿಯೊಳಗೆ ಬೆಂಕಿ ಹಾಕಿ ತೇವ ಆರಿಸಿ, ಸುತ್ತ ಒಣಹುಲ್ಲು ಒತ್ತಿ, ಜೋಳ ಸುರಿದು ಬಾಯಿಗೆ ಮಣ್ಣು ಮೆತ್ತಿ ಅಂದ್ರೆ, ನಮ್ಮ ಕೋಳಿ ಎಲ್ಲೋ ಅಂತ ಅವನ ಮೇಲೇ ಬಿದ್ರಂತೆ.

ಕೊಟ್ರಮ್ಮನಿಗೆ ತಲೆ ಕೆಟ್ಟುಹೋಯ್ತು. ನಾವು ಜೋಳ ಇಡೋಕೆ ದಾರಿ ಕೇಳ್ತಿದ್ದೀವಾ, ಇವನಿಗೆ ಹೆಣ್ಣು ಕೊಡ್ತಿದ್ದೀವಾ ಅಂತ ಬೈದು, ಮೂರು ಸಣ್ಣ ಗುಂಡಿ ತೋಡಿಸಿ, ಮೂವರ ಮಾತನ್ನೂ ಒಂದೊಂದರಲ್ಲಿ ಮಾಡಿ ನೋಡಿದ್ಲಂತೆ. ಮೊದಲ ಮಳೆ ಆದಮೇಲೆ ತೆಗೆದರೆ ಗುರುಪಾದಯ್ಯನ ಜೋಳ ಮೊಳಕೆ ಒಡೆದಿತ್ತು, ಮಲ್ಲಪ್ಪನದು ಬೂಸಲು ಹಿಡಿದಿತ್ತು, ತಿಪ್ಪನದು ಮಾತ್ರ ಗಲಗಲ ಅನ್ನೋ ಹಾಗೆ ಒಣಗಿತ್ತಂತೆ. ಊರ ಜೋಳವನ್ನೆಲ್ಲ ಹಾಗೇ ತುಂಬಿದ್ರು.

ಅಷ್ಟಕ್ಕೇ ಸುಮ್ಮನಿದ್ರಾ? ತಿಪ್ಪ ದೇವರಂಥವನು ಅಂತ ಹೆಗಲ ಮೇಲೆ ಹೊತ್ತು, ಊರ ಕೋಳಿ ಕಾಯೋಕೆ ಅವನನ್ನೇ ಇಟ್ರಂತೆ! ಬೆಳಿಗ್ಗೆ ಗೂಡಲ್ಲಿ ಪುಕ್ಕ ಮಾತ್ರ. ಆಮೇಲೆ, ಕಳ್ಳ ಹೇಳಿದ ಹಗೇವೂ ಬೇಡ, ಅಗೆದು ಹಾಕ್ರೋ ಅಂತ ಸುರಿಯೋ ಮಳೆಯಲ್ಲಿ ಗುದ್ದಲಿ ಹಿಡಿದು ಬಂದ್ರಂತೆ.

ಕೊಟ್ರಮ್ಮ ಹಗೇವಿನ ಮೇಲೇ ಕೂತುಬಿಟ್ಲಂತೆ. ಕೋಳಿ ಕದ್ದದ್ದಕ್ಕೆ ಅವನನ್ನ ಹಿಡೀರಿ, ಜೋಳ ಏನು ಮಾಡ್ತು ನಿಮಗೆ, ಎಷ್ಟು ಸಲ ಹೇಳ್ಲಿ ಅಂತ ಅಳ್ತಾ ಅಳ್ತಾ ಬೈದ್ಲಂತೆ. ಯಾರೂ ಜಗ್ಗಲಿಲ್ಲ. ಆಮೇಲೆ ಗುರುಪಾದಯ್ಯನೇ ಮುಂದೆ ಬಂದು, ನನ್ನ ಮಾತು ತಪ್ಪು, ತಿಪ್ಪನದು ಸರಿ, ಅಷ್ಟಕ್ಕೇ ನಾನು ಕಳ್ಳನಾಗಲಿಲ್ಲ, ಅವನು ದೇವರಾಗಲಿಲ್ಲ ಅಂತ ಹೇಳಿ, ಗುದ್ದಲಿ ಬಿಸಾಕಿ, ಅವಳ ಪಕ್ಕ ಕೆಸರಲ್ಲೇ ಕೂತ್ನಂತೆ. ಅವನ ಮುಖ ನೋಡಿ ಉಳಿದವರೂ ಹಿಂದೆ ಸರಿದ್ರು.

ಮಳೆಗಾಲ ಮುಗಿದು ಹಗೇವು ತೆಗೆದರೆ ಒಂದು ಕಾಳೂ ಕೆಟ್ಟಿರಲಿಲ್ಲ. ಊರು ಊರಲ್ಲೇ ಉಳೀತು, ಬಾಣಂತಿ ಮಗಳು ಬಿಸಿ ರೊಟ್ಟಿ ತಿಂದ್ಲು. ಕೊಟ್ರಮ್ಮ ತಿಪ್ಪನಿಗೂ ನಾಲ್ಕು ರೊಟ್ಟಿ ಕಟ್ಟಿ ಕಳಿಸಿದ್ಲಂತೆ, ಕೋಳಿಗೂಡಿಗೆ ಬೀಗ ಹಾಕಿ. ಅಲ್ಲಿಗೆ ಅವರ ಕತೆ ಆಯ್ತು, ಇನ್ನು ಕಣ್ಣು ಮುಚ್ಚು.