ಒಂದೇ ಎಳೆತದ ಎಂಜಿನ್

ನಮ್ಮ ಹೊಳೆಯಲ್ಲಿ ಹೊನ್ನಪ್ಪನ ದೋಣಿಗೆ ಮಾತ್ರ ಎಂಜಿನ್ ಇತ್ತು. ಚಿಕ್ಕದು, ಆದರೆ ಒಂದು ದಿನವೂ ಕೈ ಕೊಟ್ಟದ್ದಲ್ಲ. ಅವನ ಹೆಂಡತಿಯ ತಮ್ಮ ಜಟ್ಟಿ ತನ್ನ ದೋಣಿಗೆ ಹುಟ್ಟು ಹಾಕುತ್ತಿದ್ದ. ಜಟ್ಟಿ ದೊಡ್ಡದೊಂದು ಹಳೇ ಎಂಜಿನ್ ಕೊಳ್ಳಲು ಹೊರಟಿದ್ದಾನೆಂದು ಕೇಳಿ ಹೊನ್ನಪ್ಪನಿಗೆ ಅನ್ನ ಸೇರಲಿಲ್ಲ. "ನನ್ನದಕ್ಕಿಂತ ದೊಡ್ಡ ಎಂಜಿನ್ ನಿನಗ್ಯಾಕೆ?" ಎನ್ನುತ್ತ ತಾನೂ ಬೆನ್ನು ಹತ್ತಿದ.

ಮಾರುವವನ ಅಂಗಳದಲ್ಲಿ ಜಟ್ಟಿ ಮೊದಲು ಎಂಜಿನ್ನಿನ ಮೈ ಮುಟ್ಟಿ ನೋಡಿದ. ಬಿಸಿಯಿತ್ತು. ಗಿರಾಕಿ ಬರುವ ಮೊದಲೇ ಒದ್ದಾಡಿ ಒಮ್ಮೆ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದಾರೆಂದು ಅವನಿಗೆ ತಿಳಿಯಿತು. ಮಾರುವವನು ಅದನ್ನು ನೀರಿನ ಡ್ರಮ್ಮಿಗೆ ಸಿಕ್ಕಿಸಿ ಹಗ್ಗ ಎಳೆದ. ಒಂದೇ ಎಳೆತಕ್ಕೆ ಹತ್ತಿತು.

ಜಟ್ಟಿ ನಿಟ್ಟುಸಿರು ಬಿಟ್ಟ. "ಇಂಥದ್ದಿದ್ದರೆ ಹೊಳೆಯಲ್ಲಿ ನನ್ನನ್ನು ಯಾರು ಹಿಡೀತಾರೆ ಭಾವ?"

ಹೊನ್ನಪ್ಪ ನಿಂತಲ್ಲೇ ಅದನ್ನು ಕೊಂಡ. "ನಿನಗೆ ನನ್ನ ಹಳೇದೇ ಸಾಕು, ತಗೋ" ಎಂದ. ಜಟ್ಟಿ ತಲೆ ತಗ್ಗಿಸಿ ತಗೊಂಡ.

ಮರುದಿನ ಬೆಳಿಗ್ಗೆ ಹೊನ್ನಪ್ಪ ಹಗ್ಗ ಎಳೆದೆಳೆದು ಬೆವರಿದ. ಪಕ್ಕದಲ್ಲೇ ಜಟ್ಟಿಯ ದೋಣಿ ಗುಡುಗುಡು ಎನ್ನುತ್ತ ಬಂತು.

"ಅಲ್ಲಿ ಒಂದೇ ಎಳೆತಕ್ಕೆ ಹತ್ತಿತ್ತಲ್ಲೋ?"

"ಅದು ಬಿಸಿಯಿದ್ದರೆ ಮಾತ್ರ ಹತ್ತೂದು ಭಾವ. ಸ್ವಲ್ಪ ಹೊತ್ತು ಹೊಟ್ಟೆಗೆ ಒತ್ತಿ ಹಿಡ್ಕೊಳ್ಳಿ. ಅಲ್ಲಿಯ ಉರಿ ಇನ್ನೂ ಆರಿರಲಿಕ್ಕಿಲ್ಲ."