ಉತ್ತರದ ಕೋಣೆಗೆ ಎಂಥ ಬಿಳಿ

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿಯ ಗುರುಗಳನ್ನು ಊರವರೆಲ್ಲ ಅಜ್ಜಾರು ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಅರ್ಧ ಊರಿಗೆ ಗೊತ್ತೇ ಇರಲಿಲ್ಲ.

ಅವರ ಶಿಷ್ಯ ಚರಂತಯ್ಯ. ಆರು ವರ್ಷದವನಿದ್ದಾಗ ಮಠಕ್ಕೆ ಬಂದವನು, ಈಗ ಇಪ್ಪತ್ತನಾಲ್ಕು. ಓದಿನಲ್ಲಿ ಚುರುಕು, ಕೆಲಸದಲ್ಲಿ ಅಚ್ಚುಕಟ್ಟು. ತಾನು ಅಚ್ಚುಕಟ್ಟು ಎಂಬುದು ಅವನಿಗೂ ಚೆನ್ನಾಗಿ ಗೊತ್ತಿತ್ತು, ಕೊರತೆ ಇದ್ದದ್ದು ಅದೊಂದೇ.

ಆ ವರ್ಷ ಮಠಕ್ಕೆ ಸುಣ್ಣ ಹಚ್ಚುವ ಕೆಲಸ ಅವನ ಪಾಲಿಗೆ ಬಂತು. ಅಡುಗೆಮನೆ ಬಿಟ್ಟರೆ ಇದ್ದದ್ದು ಮೂರೇ ಕೋಣೆ. ಮೂಡಣಕ್ಕೆ ಊಟದ ಮನೆ, ಪಡುವಣಕ್ಕೆ ಓದುವ ಕೋಣೆ, ಉತ್ತರಕ್ಕೆ ಅಡುಗೆಮನೆಗೆ ಅಂಟಿಕೊಂಡು ಬಾಳವ್ವ ಮಲಗಿದ್ದ ಕೋಣೆ.

ಬಾಳವ್ವ ಮೂವತ್ತು ವರ್ಷ ಮಠದ ಒಲೆ ಊದಿದವಳು. ಚರಂತಯ್ಯನಿಗೆ ತುತ್ತು ಮಾಡಿ ಉಣ್ಣಿಸಿ ಬೆಳೆಸಿದವಳೂ ಅವಳೇ. ಮಳೆಗಾಲದಲ್ಲಿ ಜ್ವರ ಬಂದು ಹಾಸಿಗೆ ಹಿಡಿದವಳು ಜ್ವರ ಬಿಟ್ಟ ಮೇಲೂ ಎದ್ದಿರಲಿಲ್ಲ. ಮೈಯಲ್ಲಿ ರೋಗವೇನೂ ಉಳಿದಿಲ್ಲ, ಹೊಟ್ಟೆಗೆ ಅನ್ನ ಹೋದರೆ ಏಳುತ್ತಾಳೆ, ಹೋಗದಿದ್ದರೆ ಇಲ್ಲ ಎಂದು ವೈದ್ಯರು ಹೇಳಿದ್ದರು.

ಅವಳ ಕೋಣೆ ಬೆಳ್ಳಗಾದರೆ ಅವಳ ಮನಸ್ಸೂ ಬೆಳ್ಳಗಾದೀತು ಎಂದು ಚರಂತಯ್ಯ ಟೊಂಕ ಕಟ್ಟಿ ನಿಂತ.

ದೊಡ್ಡ ಬಾನಿಯಲ್ಲಿ ಸುಣ್ಣ ಅರಳಿಸಿ ಅಂಟು ಕಲಸುತ್ತಿದ್ದಾಗ ಅಜ್ಜಾರು ಅತ್ತ ಬಂದರು. ಪಕ್ಕದ ಊರಿಗೆ ಪ್ರವಚನಕ್ಕೆ ಹೊರಟಿದ್ದರು, ಕಂಕುಳಲ್ಲಿ ಗಂಟಿತ್ತು.

"ಮೂರೂ ಕೋಣಿಗೆ ಒಂದ ಬಾನಿ ಏನು?"

"ಹೌದ್ರಿ ಅಜ್ಜಾರ. ಮಠದಾಗ ಮ್ಯಾಲು-ಕೀಳು ಇರಬಾರದಲ್ರಿ. ಅಡಗಿ ಮಾಡಾಕಿಗೂ ಅದ ಬಿಳಿ, ಪಾಠ ಹೇಳಾವ್ರಿಗೂ ಅದ ಬಿಳಿ."

"ಭೇಷ್," ಎಂದು ಅಜ್ಜಾರು ಹೋದರು.

ಅವರು ಹೋದ ಮೇಲೆ ಚರಂತಯ್ಯ ನೀಲಿ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬಾನಿಯಲ್ಲಿ ಅದ್ದಿದ. ಬಿಳಿ ಎದ್ದು ಕಾಣಲೆಂದು ಎಲ್ಲರೂ ಮಾಡುವುದೇ ಅದು. ಬಾಳವ್ವನ ಮೇಲಿನ ಪ್ರೀತಿಗೆ ಅವನು ಗಂಟನ್ನು ಇನ್ನೆರಡು ಸಲ ಹೆಚ್ಚಿಗೆ ಅದ್ದಿದ.

ಎರಡು ದಿನದಲ್ಲಿ ಕೆಲಸ ಮುಗಿಯಿತು. ನೋಡಿದವರು ಹೊಗಳಿದರು. ಚರಂತಯ್ಯ ಅದೇನು ಮಹಾ ಎಂಬಂತೆ ಕೈ ತೊಳೆದುಕೊಂಡ.

ಮೂರನೆಯ ದಿನ ಬಾಳವ್ವ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಯಾಕವ್ವಾ, ಬಿಸಿ ಆತೇನು?"

"ಬ್ಯಾಡೋ ತಮ್ಮಾ. ನನ್ನ ಕೈ ನೋಡಿಲ್ಲಿ. ನಮ್ಮವ್ವನ್ನ ಮಣ್ಣು ಮಾಡೂ ಮುಂದ ಆಕಿ ಕೈ ಹಿಂಗ ಆಗಿತ್ತು. ಇನ್ನ ಯಾಕ ಸುಮ್ಮನ ಅನ್ನ ಹಾಳು ಮಾಡ್ತಿ?"

ಚರಂತಯ್ಯ ನೋಡಿದ. ಕೈ ನಿಜವಾಗಿಯೂ ಕಪ್ಪಿಟ್ಟು ನೀಲಿಗಟ್ಟಿತ್ತು.

ಬೇಡಿಕೊಂಡ, ಗದರಿದ, ಕೊನೆಗೆ ಹಿತ್ತಲಿಗೆ ಹೋಗಿ ಅತ್ತ. ಬಾಳವ್ವ ಬಟ್ಟಲು ಮುಟ್ಟಲಿಲ್ಲ. ಮರುದಿನವೂ ಅದೇ ಕಥೆ, ಅದರ ಮರುದಿನವೂ ಅದೇ.

ಅಜ್ಜಾರು ಮರಳಿ ಬಂದದ್ದು ಆ ದಿನ ಮಧ್ಯಾಹ್ನ. ಚರಂತಯ್ಯ ಊರ ಅಗಸೆಬಾಗಿಲ ತನಕ ಓಡಿದ.

"ಅಜ್ಜಾರ, ಬಾಳವ್ವ ನಮ್ಮನ್ನ ಬಿಟ್ಟು ಹೊಂಟಾಳ್ರಿ. ಮೂರು ದಿನಾತು, ತುತ್ತು ಮುಟ್ಟಿಲ್ಲ. ಸಾವು ಬಂತು ಅಂತ ಅಂಜಿಬಿಟ್ಟಾಳ. ಸಾವಿಗೆ ಅಂಜಬಾರದು ಅಂತ ನೀವು ಎರಡು ಮಾತು ಹೇಳ್ರಿ."

ಅಜ್ಜಾರು ಗಂಟನ್ನೂ ಇಳಿಸದೆ ಉತ್ತರದ ಕೋಣೆಯ ಬಾಗಿಲಿಗೆ ಬಂದು ನಿಂತರು. ಬಾಳವ್ವನನ್ನು ನೋಡಿದರು. ಆಮೇಲೆ ಬಹಳ ಹೊತ್ತು ಗೋಡೆಯನ್ನು ನೋಡಿದರು.

"ಆಕಿನ್ನ ಹೊರಗ ಜಗಲಿಗೆ ಒಯ್ಯೋಣು, ಹಿಡಿ," ಎಂದರು.

ಇಬ್ಬರೂ ಸೇರಿ ಬಾಳವ್ವನನ್ನು ಬಿಸಿಲಿನ ಜಗಲಿಯಲ್ಲಿ ಕಂಬಳಿ ಹಾಸಿ ಮಲಗಿಸಿದರು.

"ಈಗ ನೀ ಹೋಗಿ ಆಕಿ ಹಾಸಿಗಿ ಮ್ಯಾಲ ಮಲ್ಕೋ."

"ನಾನ್ರೀ? ನನಗೇನಾಗೇತ್ರಿ?"

"ಏನೂ ಆಗಿಲ್ಲ. ಮಲ್ಕೋ. ನಾ ಕರಿಯೂ ತನಕ ಏಳಬ್ಯಾಡ."

ಗುರುವಿನ ಮಾತು. ಚರಂತಯ್ಯ ಮಲಗಿದ. ಅಜ್ಜಾರು ಬಾಗಿಲು ಮುಚ್ಚಿಕೊಂಡು ಹೋದರು.

ಮೊದಲು ಅವನಿಗೆ ಕಂಡದ್ದು ತನ್ನ ಕೆಲಸ. ಜಂತಿಯ ಪಕ್ಕ ಒಂದು ಕಡೆ ಕುಂಚ ತಾಗಿರಲಿಲ್ಲ. ಅಯ್ಯೋ, ಇದೊಂದು ಉಳಿಯಿತಲ್ಲ ಎಂದುಕೊಂಡ. ಹಚ್ಚುವಾಗ ಅವನು ನಿಂತಿದ್ದ, ಬಾಗಿಲು ತೆರೆದಿತ್ತು, ನಡು ಮಧ್ಯಾಹ್ನವಿತ್ತು.

ಈಗ ಬಾಗಿಲು ಮುಚ್ಚಿತ್ತು. ಆ ಕೋಣೆಗೆ ಬಿಸಿಲೆಂಬುದು ವರ್ಷವಿಡೀ ಕಾಲಿಡುವುದಿಲ್ಲ. ಸಣ್ಣ ಕಿಟಕಿಯಿಂದ ಬರುವುದು ಬರೀ ಆಕಾಶದ ತಣ್ಣನೆಯ ಬೆಳಕು. ಹೊತ್ತು ವಾಲಿದಂತೆ ಗೋಡೆಗಳು ಬಟ್ಟೆ ಅದ್ದಿದ ನೀಲಿ ನೀರಿನ ಬಣ್ಣಕ್ಕೆ ತಿರುಗಿದವು. ನೊಣ ಓಡಿಸಲು ಎತ್ತಿದ ಕೈ ಹಾಗೇ ನಿಂತಿತು. ಉಗುರುಗಳು ನೀಲಿಗಟ್ಟಿದ್ದವು. ಬೆರಳಿನಲ್ಲಿ ರಕ್ತವೇ ಇದ್ದಂತಿರಲಿಲ್ಲ.

ಎದ್ದು ಓಡಬೇಕೆನಿಸಿತು. ಗುರುವಿನ ಮಾತು ನೆನಪಾಗಿ ಬಿದ್ದುಕೊಂಡ.

ಸಂಜೆಯ ಹೊತ್ತಿಗೆ ಅಜ್ಜಾರು ತಾವೇ ಗಂಜಿಯ ಬಟ್ಟಲು ಹಿಡಿದು ಬಂದರು. ಬಗ್ಗಿದ ಅವರ ಮುಖವೂ ನೀಲಿಗಟ್ಟಿದ್ದು ನೋಡಿ ಚರಂತಯ್ಯನಿಗೆ ಭಯವಾಯಿತು. ಗಂಜಿ ಬೂದಿ ಕಲಸಿದ ನೀರಿನಂತೆ ಕಾಣುತ್ತಿತ್ತು.

"ಉಣ್ಣು."

"ಬ್ಯಾಡ್ರಿ ಅಜ್ಜಾರ."

"ಹಸಿವಿಲ್ಲೇನು?"

"ಹಸಿವೈತ್ರಿ. ಒಳಗ ಇಳಿಯಾಂಗಿಲ್ರಿ."

"ಯಾಕೋ, ಸಾವಿಗೆ ಅಂಜಿದಿ ಏನು?"

ಚರಂತಯ್ಯ ಎದ್ದು ಕೂತು ತಲೆ ತಗ್ಗಿಸಿದ. ಇಂಥ ನಾಚಿಕೆ ಅವನಿಗೆ ಹಿಂದೆಂದೂ ಆಗಿರಲಿಲ್ಲ.

"ತಪ್ಪಾತ್ರಿ. ನೀಲಿ ಹೆಚ್ಚಾತು."

"ಊಟದ ಮನಿಗೂ ಅದ ನೀಲಿ ಹಾಕಿಯಲ್ಲ? ಅಲ್ಲಿ ಎಲ್ಲಾರೂ ಎರಡೆರಡು ಸಲ ಹಾಕಿಸ್ಕೊಂಡು ಉಣ್ಣಾಕತ್ತಾರ."

"ಅಲ್ಲಿ ಮುಂಜಾನಿ ಬಿಸಿಲು ಬರ್ತೈತ್ರಿ."

"ಹಂಗಾರ ತಪ್ಪು ನೀಲಿದೋ, ಬಿಸಿಲಿಂದೋ?"

ಉತ್ತರಕ್ಕೆ ಕಾಯದೆ ಅಜ್ಜಾರು ಬಟ್ಟಲು ಹಿಡಿದು ಜಗಲಿಗೆ ಹೋದರು.

ಜಗಲಿಯ ಮೇಲೆ ಬಾಳವ್ವ ಎರಡು ಗುಟುಕು ಮಜ್ಜಿಗೆ ಕುಡಿದಿದ್ದಳು. ಆದರೆ ಹೊಳೆಯ ಕಡೆಯಿಂದ ತಂಪು ಗಾಳಿ ಬೀಸತೊಡಗಿತು, ಅವಳನ್ನು ಒಳಕ್ಕೆ ಒಯ್ಯಲೇಬೇಕಾಯಿತು. ಓದುವ ಕೋಣೆಯಲ್ಲಿ ಮಲಗು ಎಂದರೆ ಹಟ ಹಿಡಿದಳು. "ನನ್ನ ಕೋಣಿ ಇರೂ ಮುಂದ ಅಲ್ಯಾಕ? ಪಾತ್ರಿ ಸಪ್ಪಳ ಕೇಳದಿದ್ರ ನನಗ ಹೊತ್ತು ಹೋಗಾಂಗಿಲ್ಲ." ಅವಳ ಕೋಣೆಗೆ ಹೋದದ್ದೇ ಮತ್ತೆ ಬಟ್ಟಲಿನಿಂದ ಮುಖ ತಿರುಗಿಸಿದಳು.

ಮರುದಿನ ಬೆಳಗಾಗುತ್ತಲೇ ಚರಂತಯ್ಯ ಹೊಸ ಬಾನಿ ಕಲಸಿದ. ಈ ಸಲ ಬುಟ್ಟಿ ತುಂಬ ಹಳದಿ ಮಣ್ಣು ತಂದಿಟ್ಟುಕೊಂಡಿದ್ದ.

"ಇದು ಎಷ್ಟು ಕೋಣಿಗೆ?" ಅಜ್ಜಾರು ಕೇಳಿದರು.

"ಮೂರಕ್ಕೂ ಹಚ್ಚಿಬಿಡ್ತೀನ್ರಿ. ಹಳದಿ ಇದ್ರ ಯಾರಿಗೂ ತ್ರಾಸಾಗಾಂಗಿಲ್ಲ."

ಅಜ್ಜಾರು ನಕ್ಕರು. "ನಿನಗ ಬಾನಿ ಮ್ಯಾಲ ಭಾಳ ಪ್ರೀತಿ. ಅದನ್ನ ಇಳಸು. ಚರಿಗಿ ತಗೋ."

ಚೆಂಬಿನಂಥ ಚರಿಗೆಯಲ್ಲಿ ಅಷ್ಟಷ್ಟೇ ಕಲಸಿ, ಬಾಳವ್ವನ ಹಾಸಿಗೆಯ ಪಕ್ಕದ ಗೋಡೆಗೆ ಅಂಗೈ ಅಗಲದ ಐದು ಪಟ್ಟಿ ಹಚ್ಚಿದ. ಕೊಡ ಸುಣ್ಣದ ಲೆಕ್ಕದಲ್ಲಿ ಒಂದಕ್ಕೆ ಹಳದಿ ಮಣ್ಣು ಒಂದು ಹಿಡಿ, ಒಂದಕ್ಕೆ ಎರಡು, ಒಂದಕ್ಕೆ ಚಿಟಿಕೆ ಕೆಮ್ಮಣ್ಣು, ಉಳಿದೆರಡಕ್ಕೆ ಎರಡೂ ಮಣ್ಣು ಹೆಚ್ಚುಕಡಿಮೆ. ಹಚ್ಚಿದವನೇ "ಇದ ಸರಿ" ಎಂದು ಒಂದನ್ನು ತೋರಿಸಿದ.

"ಹಸಿ ಸುಣ್ಣ ನಂಬಬ್ಯಾಡ. ಒಣಗಲಿ."

"ಒಣಗೂ ತನಕ ಕಾಯಾಕ ಬಾಳವ್ವನ ಹತ್ರ ಹೊತ್ತಿಲ್ರಿ ಅಜ್ಜಾರ!"

"ತಿರುಗಿ ತಪ್ಪು ಹಚ್ಚಿದ್ರ ಹೊತ್ತು ಇರ್ತೈತೇನು?"

ಕಾದ. ಬೆಂಕಿಯ ಮೇಲೆ ಕೂತವನಂತೆ ಕಾದ. ಅವನು ತೋರಿಸಿದ ಪಟ್ಟಿ ಒಣಗಿ ಹಳೇ ಹೆಂಚಿನಂತಾಯಿತು. ಉಳಿದ ಸುಣ್ಣವನ್ನು ಓದುವ ಕೋಣೆಯ ಮೂಲೆಗೂ ಹಚ್ಚಿ ನೋಡಿದ. ಉತ್ತರದಲ್ಲಿ ಬೆಣ್ಣೆಯ ಹಾಗೆ ಕಂಡದ್ದು ಪಡುವಣದ ಸಂಜೆ ಬಿಸಿಲಿಗೆ ಅರಿಸಿನ ಮೆತ್ತಿದಂತೆ ಕಂಡಿತು. ಆ ಕೋಣೆಗೆ ಮೊದಲಿನ ನೀಲಿ ಬಿಳಿಯೇ ಹಿತವಾಗಿತ್ತು, ಕಣ್ಣಿಗೆ ತಂಪಾಗಿತ್ತು. ಊಟದ ಮನೆಗಂತೂ ಏನೂ ಮಾಡಬೇಕಾಗಿರಲಿಲ್ಲ. ಇದರಿಂದ ಚರಂತಯ್ಯನಿಗೆ ತುಸು ನಿರಾಸೆಯೇ ಆಯಿತು.

ಉತ್ತರದ ಗೋಡೆಯಲ್ಲಿ ಕೊನೆಗೆ ಎರಡು ಪಟ್ಟಿ ಉಳಿದವು.

"ಎರಡರಾಗ ಯಾವುದ್ರಿ ಅಜ್ಜಾರ?"

"ನನ್ನನ್ಯಾಕ ಕೇಳ್ತಿ? ನಾ ಮಲಗ್ತೀನೇನು ಅಲ್ಲಿ?"

ಇಷ್ಟು ದಿನ ಬಾಳವ್ವನಿಗಾಗಿ ಒದ್ದಾಡಿದವನಿಗೆ ಬಾಳವ್ವನನ್ನೇ ಕೇಳಬೇಕೆಂದು ಹೊಳೆದಿರಲಿಲ್ಲ. ಹೋಗಿ ಕೇಳಿದ.

ಅವಳು ಗೋಡೆಯತ್ತ ಹೊರಳಿ ಒಂದು ಪಟ್ಟಿಯ ಮೇಲೆ ಕೈ ಇಟ್ಟು ನೋಡಿದಳು. ಮತ್ತೊಂದರ ಮೇಲೆ ಇಟ್ಟಳು. ಅಲ್ಲೇ ಸುಮಾರು ಹೊತ್ತು ಇಟ್ಟುಕೊಂಡಳು.

"ಇಲ್ಲಿ ಕೈ ನಂದ ಕಾಣ್ತೈತಿ ನೋಡು," ಎಂದಳು.

ಚರಂತಯ್ಯನಿಗೆ ಮೆಚ್ಚಿಗೆಯಾಗಿದ್ದು ಇನ್ನೊಂದು ಪಟ್ಟಿ. ಆದರೂ ಅವಳು ತೋರಿಸಿದ್ದನ್ನೇ ಕಲಸಿ, ಮರುದಿನ ಅವಳನ್ನು ಜಗಲಿಗೆ ಒಯ್ದು, ಬೆಳಗಿನಿಂದ ಮಧ್ಯಾಹ್ನದೊಳಗೆ ನಾಲ್ಕೂ ಗೋಡೆಗೆ ಹಚ್ಚಿ ಮುಗಿಸಿದ. ಈ ಸಲ ಯಾರು ಹೊಗಳುತ್ತಾರೆ ಎಂದು ನಿಂತು ನೋಡಲಿಲ್ಲ.

ಆ ಸಂಜೆ ಬಾಳವ್ವ ಎರಡು ಚಮಚ ಗಂಜಿ ಕುಡಿದಳು. ಮರುದಿನ ಅರ್ಧ ಬಟ್ಟಲು. ಅದರ ಮರುದಿನ ಬಟ್ಟಲನ್ನು ನೆಲಕ್ಕೆ ಕುಕ್ಕಿ, "ಈ ಮಠದಾಗ ಉಪ್ಪು ತೀರೇತೇನೋ? ಯಾವ ಮೂಳ ಮಾಡ್ಯಾನ ಈ ಗಂಜಿ?" ಎಂದು ಕೂಗಿದಳು.

ಗಂಜಿ ಮಾಡಿದ ಮೂಳ ಚರಂತಯ್ಯನೇ. ಬೈಗುಳ ಕೇಳಿ ಅವನ ಕಣ್ಣಲ್ಲಿ ನೀರು ಬಂತು, ಹೆಚ್ಚಿಗೆ ಉಪ್ಪು ಹಾಕಲು ಅಡುಗೆಮನೆಗೆ ಓಡಿದ.

ಹದಿನೈದು ದಿನಕ್ಕೆ ಬಾಳವ್ವ ಗೋಡೆ ಹಿಡಿದು ಒಲೆಯ ತನಕ ನಡೆದಳು. ಬಂದವಳೇ ಎಲ್ಲರನ್ನೂ ಅಲ್ಲಿಂದ ಹೊರಗಟ್ಟಿದಳು.

ಚರಂತಯ್ಯ ಎಷ್ಟಾದರೂ ಅಚ್ಚುಕಟ್ಟಿನವನು. ಒಂದು ಹಾಳೆ ತಂದು, ಗೆರೆ ಎಳೆದು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದ. ಉತ್ತರದ ಕೋಣೆ: ಸುಣ್ಣ ಒಂದು ಕೊಡ, ಹಳದಿ ಮಣ್ಣು ಎರಡು ಹಿಡಿ, ಕೆಮ್ಮಣ್ಣು ಒಂದು ಚಿಟಿಕೆ, ಅಂಟು ಅರ್ಧ ಚರಿಗೆ. ಒಣಗಿದ ಮೇಲೆ ನೋಡತಕ್ಕದ್ದು. ನೀಲಿ ಕೂಡದು.

ಅದನ್ನು ಅಜ್ಜಾರ ಮುಂದೆ ಇಟ್ಟು ಕೈ ಮುಗಿದ.

"ಮುಂದ ಬರಾವ್ರು ನನ್ನಂಗ ತಪ್ಪಬಾರದ್ರಿ. ಬಾಗಲ ಹಿಂದ ಅಂಟಿಸಿಬಿಡ್ತೀನಿ. ಇನ್ನ ಯಾರೂ ಯಾರನ್ನೂ ಕೇಳೂದ ಬ್ಯಾಡ."

ಅಜ್ಜಾರು ಹಾಳೆಯನ್ನು ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗಿನ ತನಕ ಓದಿದರು. ಇನ್ನೊಮ್ಮೆ ಓದಿದರು. ಮಡಚಿ ಅವನ ಕೈಗೆ ಕೊಟ್ಟರು.

"ಅಳತಿ ಎಲ್ಲಾ ಸರಿ ಅದಾವ. ಬಾಳವ್ವನ್ನ ಕೇಳಿದ್ದು ಎಲ್ಲೈತಿ?"